ಪೆನಾಂಗಿನ ಗೋಡೆಗಳ ಮುಂದೆ ಅಮ್ಮ

ಬೆಳಗಿನ ತಿಂಡಿಯ ಹೊತ್ತಿಗೇ ಅರ್ಮೇನಿಯನ್ ಬೀದಿಯ ಆ ಗೋಡೆಯ ಮುಂದೆ ಜನ ಸಾಲುಗಟ್ಟಿದ್ದರು. ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿರುವ ಜಾರ್ಜ್ ಟೌನ್ ನೋಡಲು ಬಂದವರು ಇಲ್ಲಿಗೆ ಬಾರದೆ ಹೋಗುವುದು ಕಡಿಮೆ. ಅಕ್ಕ ಸೈಕಲ್ ತುಳಿಯುತ್ತಿದ್ದಾಳೆ, ಹಿಂದೆ ಕುಳಿತ ತಮ್ಮ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಾನೆ. ಮಕ್ಕಳಿಬ್ಬರೂ ಚಿತ್ರ, ಸೈಕಲ್ ಮಾತ್ರ ನಿಜದ್ದು, ಗೋಡೆಗೆ ಕೂಡಿಸಿದ ಹಳೆಯ ಕಬ್ಬಿಣದ ಸೈಕಲ್.

ಅಮ್ಮ ಕ್ಯಾಮೆರಾ ಕಂಡರೆ ದೂರ ಸರಿಯುವವರು. ಆದರೆ ನಮ್ಮ ಸರದಿ ಬಂದಾಗ ನಾನು ಹೇಳುವ ಮೊದಲೇ ಮುಂದೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲಿನ ಹಿಂಭಾಗಕ್ಕೆ ಕೈಕೊಟ್ಟು ತಳ್ಳುವವರಂತೆ ಬಾಗಿ ನಿಂತರು. ‘ಪಾಪ, ಮಗು ಒಂದೇ ಎಷ್ಟು ದೂರ ತುಳಿಯುತ್ತದೆ!’ ಎಂದರು. ಸಾಲಿನಲ್ಲಿದ್ದ ಅಪರಿಚಿತ ಅಜ್ಜಿಯೊಬ್ಬರಿಗೆ ಕನ್ನಡ ಬೇಕಾಗಲಿಲ್ಲ. ನಗುತ್ತಾ ಬಂದು ಅವರೂ ಅಮ್ಮನ ಪಕ್ಕದಲ್ಲಿ ಬಾಗಿದರು. ಆ ಫೋಟೊ ನನಗೆ ಇಡೀ ಪ್ರವಾಸಕ್ಕಿಂತ ದೊಡ್ಡದು.

ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಕಾರೆವಿಚ್ 2012ರಲ್ಲಿ ಜಾರ್ಜ್ ಟೌನ್ ಉತ್ಸವಕ್ಕಾಗಿ ಬರೆದ ಚಿತ್ರಗಳಿವು. ಊರು 2008ರಲ್ಲೇ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ಅವರು ಗೋಡೆಗೆ ಬಣ್ಣ ಬಳಿದು ಅದರ ಹಳತನವನ್ನು ಮುಚ್ಚಲಿಲ್ಲ. ಗೋಡೆಯಲ್ಲಿ ಏನಿದೆಯೋ ಅದಕ್ಕೇ ಕೆಲಸ ಕೊಟ್ಟರು. ಮುಂತ್ರಿ ಬೀದಿಯಲ್ಲಿ ನೀಲಿ ಬಟ್ಟೆಯ ದೈತ್ಯ ಹುಡುಗಿ ಎರಡು ನಿಜವಾದ ಕಿಟಕಿಗಳ ಸಜ್ಜಾಗಳ ಮೇಲೆ ಕೈಯೂರಿ ತನ್ನನ್ನು ತಾನೇ ಮೇಲೆತ್ತಿಕೊಂಡಿದ್ದಾಳೆ. ಕಿಟಕಿ ಇಲ್ಲದಿದ್ದರೆ ಅವಳು ಬಿದ್ದೇ ಹೋಗುತ್ತಾಳೆ. ಕ್ಯಾನನ್ ಬೀದಿಯ ಹುಡುಗ ನಿಜವಾದ ಕುರ್ಚಿಯ ಮೇಲೆ ನಿಂತು, ಗೋಡೆಯ ಎತ್ತರದಲ್ಲಿರುವ ಕಿಂಡಿಗೆ ಕೈ ಚಾಚಿದ್ದಾನೆ. ಹತ್ತಿರ ಹೋಗಿ ನೋಡಿದೆ: ಗಾರೆ ಉಬ್ಬಿದ ಕಡೆ ಬಣ್ಣವೂ ಉಬ್ಬಿದೆ, ಸಿಪ್ಪೆ ಎದ್ದಿದೆ. ಚಿತ್ರಕ್ಕೂ ಗೋಡೆಗೂ ಒಂದೇ ಮಳೆ, ಒಂದೇ ವಯಸ್ಸು.

ಪೇಟೆಯಲ್ಲಿ ಈಗ ಇದನ್ನೇ ಅನುಕರಿಸಿದ ಚಿತ್ರಗಳೂ ಬಹಳ ಇವೆ. ಒಂದು ವಸ್ತುವನ್ನು ತಂದು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಆ ಜೀವ ಬರುವುದಿಲ್ಲ. ಬೇರೆ ಯಾವ ಊರಿನ ಗೋಡೆಗಾದರೂ ಎತ್ತಿಡಬಹುದಾದ ಚಿತ್ರಗಳ ಮುಂದೆ ನನಗೆ ನಿಲ್ಲಬೇಕೆನಿಸಲಿಲ್ಲ.

ನೆನಪಾದವರು ನಮ್ಮ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಹಸಿರು ಕೊಳದಂತೆ ಮಾಡಿ ಅದರಲ್ಲೊಂದು ಮೊಸಳೆ ಮಲಗಿಸಿದವರು. ದಿನವೂ ಬೈದುಕೊಂಡು ದಾಟುತ್ತಿದ್ದ ಗುಂಡಿಯನ್ನು ಜನ ನಿಂತು ನೋಡಿದರು. ಆಮೇಲೆ ಗುಂಡಿಯೂ ಮುಚ್ಚಿತು. ಜಕಾರೆವಿಚ್ ಕಿಟಕಿಯನ್ನು ನೋಡಿದ ಕಣ್ಣಿನಿಂದಲೇ ಅವರು ಗುಂಡಿಯನ್ನು ನೋಡಿದ್ದರು. ನಮ್ಮ ಊರುಗಳಲ್ಲಿ ಗೋಡೆ ಅಂದಗೊಳಿಸಲು ಹೊರಡುವವರಿಗೆ ಮೊದಲು ಬೇಕಾದದ್ದು ಆ ಕಣ್ಣು, ಬಣ್ಣದ ಡಬ್ಬಿ ಆಮೇಲೆ.

ಬಿಸಿಲೇರಿದಾಗ ಅಂಗಡಿಯೊಂದರಲ್ಲಿ ಜಾಯಿಕಾಯಿ ಪಾನಕ ಕುಡಿದೆವು. ಶಿರಸಿಯ ಕಡೆಯವರಾದ ಅಮ್ಮನಿಗೆ ಜಾಯಿಕಾಯಿ ಹೊಸದಲ್ಲ, ಆದರೆ ಇಲ್ಲಿ ಅದರ ಪಾನಕಕ್ಕೆ ಇಷ್ಟು ಬೇಡಿಕೆಯಿರುವುದು ಕಂಡು ಬಲು ಸಂತೋಷವಾಯಿತು. ಹೋಟೆಲಿಗೆ ಹೋಗಿ ಸ್ವಲ್ಪ ಮಲಗೋಣವೇ ಎಂದು ಕೇಳಿದೆ. ‘ಆಹ್ ಕ್ವೀ’ ಬೀದಿಯಲ್ಲಿ ನಿಜವಾದ ಮೋಟಾರ್ ಸೈಕಲ್ ಏರಿದ ಹುಡುಗನೊಬ್ಬ ಇನ್ನೂ ಬಾಕಿಯಿದ್ದಾನಲ್ಲ ಎನ್ನುತ್ತಾ ಅಮ್ಮ ಛತ್ರಿ ಬಿಚ್ಚಿ ನನಗಿಂತ ಮುಂದೆ ನಡೆದರು.