ಹೆಸರಿಗೆ ಡೋವರ್, ಕೆಲಸ ಕ್ಯಾಂಟರ್ಬರಿಯಲ್ಲಿ

ನಾನಿರುವ ಇಂಗ್ಲೆಂಡಿನ ಕೆಂಟ್ ಕಡೆ ಚರ್ಚುಗಳಲ್ಲಿ ‘ಬಿಷಪ್ ಆಫ್ ಡೋವರ್’ ಅನ್ನೋ ಹೆಸರು ಆಗಾಗ ಕಿವಿಗೆ ಬೀಳುತ್ತದೆ. ಡೋವರ್ ಅಂದರೆ ಫ್ರಾನ್ಸಿಗೆ ಹಡಗು ಹೊರಡುವ ಬಂದರು. ಅಲ್ಲಿ ಕೆಥೆಡ್ರಲ್ (ಬಿಷಪ್ ಪೀಠವಿರುವ ಮುಖ್ಯ ಚರ್ಚ್) ಇಲ್ಲ, ಅದು ಬೇರೆ ಡಯಾಸಿಸ್ (ಒಬ್ಬ ಬಿಷಪ್ ಆಡಳಿತದ ಪ್ರದೇಶ) ಕೂಡ ಅಲ್ಲ. ನಮ್ಮ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಬೆಂಗಳೂರು, ಧಾರವಾಡ, ಮಂಗಳೂರು ಡಯಾಸಿಸ್‌ಗಳಿಗೆ ಒಬ್ಬೊಬ್ಬರೇ ಬಿಷಪ್. ಹಾಗಾದರೆ ಇವರು ಯಾರು?

ಸಹಾಯಕ ಬಿಷಪ್. ಇಲ್ಲಿ ಸಫ್ರಗನ್ ಅಂತಾರೆ. ಮಠದ ಕಿರಿಯ ಸ್ವಾಮೀಜಿ ತರಹ ಅಂದುಕೊಳ್ಳಬೇಡಿ, ಮುಂದೆ ಪಟ್ಟ ಇವರಿಗೇ ಅನ್ನೋ ಖಾತ್ರಿ ಇಲ್ಲ. ಆದರೆ ಡೋವರ್ ಬಿಷಪ್ ಬರೀ ಸಹಾಯಕರೂ ಅಲ್ಲ. ಡೋವರ್ ಇರುವ ಕ್ಯಾಂಟರ್ಬರಿ ಡಯಾಸಿಸ್‌ಗೆ ಬಿಷಪ್ ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಹಿರಿಯ ಗುರು, ಆರ್ಚ್‌ಬಿಷಪ್. ಅವರಿಗೆ ದೇಶ, ಜಗತ್ತಿನ ಕೆಲಸವೇ ಜಾಸ್ತಿ, ಲಂಡನ್ನಿನ ಲ್ಯಾಂಬೆತ್ ಅರಮನೆಯಲ್ಲೇ ಹೆಚ್ಚು ವಾಸ. ಹಾಗಾಗಿ ಕ್ಯಾಂಟರ್ಬರಿ ಡಯಾಸಿಸ್ ನಡೆಸುವವರು ಡೋವರ್ ಬಿಷಪ್ಪೇ.

ಸಫ್ರಗನ್ ಹುದ್ದೆಗೆ ಕಾನೂನು ಮಾಡಿದ್ದು 1534ರಲ್ಲಿ, ಎಂಟನೇ ಹೆನ್ರಿ ಕಾಲದಲ್ಲಿ. ಅದಕ್ಕೂ ಮೊದಲು ಸಹಾಯಕರಿಗೆ ಪೂರ್ವ ದೇಶಗಳ ಯಾವುದೋ ಕಳೆದುಹೋದ ಡಯಾಸಿಸ್‌ಗಳ ಹೆಸರು ಕೊಡುತ್ತಿದ್ದರು. ಹೆನ್ರಿ ರೋಮಿನ ಪೋಪ್ ಜೊತೆ ನಂಟು ಕಡಿದುಕೊಂಡ ಮೇಲೆ ಇಂಗ್ಲೆಂಡಿನದೇ 26 ಊರುಗಳ ಪಟ್ಟಿ ಬಂತು. ಬಿಷಪ್ ಇಬ್ಬರ ಹೆಸರು ಕಳಿಸಬೇಕು, ದೊರೆ ಒಬ್ಬರನ್ನು ಆರಿಸಬೇಕು. 1537ರಲ್ಲಿ ಡೋವರ್‌ಗೆ ಬಂದವನು ರಿಚರ್ಡ್ ಇಂಗ್ವರ್ತ್. ತಾನೇ ಡೊಮಿನಿಕನ್ ಸನ್ಯಾಸಿ. ಮರುವರ್ಷ ಊರೂರು ತಿರುಗಿ ಸನ್ಯಾಸಿಗಳ ಮಠ ಮುಚ್ಚಿಸಿದ್ದೂ ಅವನೇ! ಅರಸನ ಕಾಲದ ನೌಕರಿ, ಅಲ್ವಾ?

1600ರ ನಂತರ ಈ ಹುದ್ದೆ ಹಾಗೇ ನಿಂತುಹೋಯಿತು. ಯಾರೂ ಕಾನೂನು ರದ್ದು ಮಾಡಲಿಲ್ಲ, ಸುಮ್ನೆ ಬಿಟ್ಟರು. ಊರುಗಳು ಬೆಳೆದು ಬಿಷಪ್‌ಗಳಿಗೆ ಕೆಲಸ ಹೊರಲಾರದಷ್ಟಾದಾಗ, 1870ರಲ್ಲಿ ಡೋವರ್ ಮತ್ತು ನಾಟಿಂಗ್‌ಹ್ಯಾಮ್‌ಗೆ ಮತ್ತೆ ನೇಮಕವಾಯಿತು. ಆದರೆ ಪಟ್ಟಿ ಮಾತ್ರ ಹೆನ್ರಿ ಕಾಲದ್ದೇ. 1879ರಲ್ಲಿ ಪೂರ್ವ ಲಂಡನ್ನಿನ ಬಡವರ ಬೀದಿಗಳಿಗೆ ನೇಮಕವಾದ ವಾಲ್‌ಶಮ್ ಹೌ ಅವರಿಗೆ ಎಲ್ಲೋ ದೂರದ ಬೆಡ್‌ಫರ್ಡ್ ಊರಿನ ಹೆಸರು! 1888ರಲ್ಲಿ ಕಾನೂನು ಸಡಿಲಿಸಿ ಬೇರೆ ಊರುಗಳಿಗೂ ಅವಕಾಶ ಕೊಟ್ಟರು.

ನನಗೆ ಕುತೂಹಲ ಅನ್ನಿಸೋದು, ಹೊಸಬರು ಒಳಗೆ ಬಂದಿದ್ದು ಜಾಸ್ತಿ ಈ ಬಾಗಿಲಿನಿಂದಲೇ. 2015ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಮೊದಲ ಮಹಿಳಾ ಬಿಷಪ್ ಆದ ಲಿಬ್ಬಿ ಲೇನ್, ಸ್ಟಾಕ್‌ಪೋರ್ಟ್‌ನ ಸಹಾಯಕರು. 2019ರಲ್ಲಿ ಡೋವರ್‌ಗೆ ಬಂದ ರೋಸ್ ಹಡ್ಸನ್-ವಿಲ್ಕಿನ್ ಜಮೈಕಾದಲ್ಲಿ ಹುಟ್ಟಿದವರು, ಈ ಚರ್ಚಿನ ಮೊದಲ ಕಪ್ಪು ವರ್ಣೀಯ ಮಹಿಳಾ ಬಿಷಪ್. 2022ರಿಂದ ಲಫ್‌ಬರೋ ಸಹಾಯಕರಾಗಿರುವ ಸಾಜು ಮುತ್ತಲಾಲಿ ನಮ್ಮ ಪಕ್ಕದ ಕೇರಳದವರು. ಇನ್ನು 2025ರ ಅಕ್ಟೋಬರ್‌ನಲ್ಲಿ ಆರ್ಚ್‌ಬಿಷಪ್ ಹುದ್ದೆಗೆ ಆಯ್ಕೆಯಾದ ಸಾರಾ ಮುಲಾಲಿ, ಹಿಂದೆ ನರ್ಸ್. ಅವರೂ ಬಿಷಪ್ ಆಗಿ ಶುರು ಮಾಡಿದ್ದು ಡೆವನ್‌ನ ಪುಟ್ಟ ಊರು ಕ್ರೆಡಿಟನ್ ಹೆಸರಿನ ಸಹಾಯಕರಾಗಿ.