ಸಿರಪ್ ಬೇಡ, ಪುಡಿ ಮಾತ್ರ ಕೊಡಿ

ಲಿವರ್ ಕೆಟ್ಟು ಅದರ ವಿಷ ತಲೆಗೆ ಏರಿದವರ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ: ಮಲ ಸಡಿಲ ಮಾಡುವ ಲ್ಯಾಕ್ಟುಲೋಸ್ ಸಿರಪ್, ರಿಫಾಕ್ಸಿಮಿನ್ 550 ಅನ್ನೋ ಆಂಟಿಬಯೋಟಿಕ್ ಮಾತ್ರೆ, ಲೋಲಾ (ಎಲ್-ಆರ್ನಿಥಿನ್ ಎಲ್-ಆಸ್ಪಾರ್ಟೇಟ್) ಪುಡಿಯ ಸ್ಯಾಶೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಬಿಲ್ ನೋಡಿದ ಕೂಡಲೇ ಮನೆಯವರು ಒಂದು ತೆಗೀರಿ ಅನ್ನುತ್ತಾರೆ. ಹೋಗುವುದು ಹೆಚ್ಚಾಗಿ ಸಿರಪ್ಪೇ. ಕುಡಿದರೆ ಭೇದಿ ಆಗುತ್ತೆ, ಅಲ್ವಾ. ಸ್ಯಾಶೆ ಬಿಡಲು ಮಾತ್ರ ಮನಸ್ಸಿಲ್ಲ. ಅಮೈನೋ ಆಸಿಡ್, ಲಿವರ್‌ಗೆ ಶಕ್ತಿ ಅಂತ ಯಾರೋ ಹೇಳಿರುತ್ತಾರೆ.

ಆವತ್ತು ಸಂಜೆ ರಷ್ ಹೊತ್ತಲ್ಲಿ ಒಬ್ಬ ಹುಡುಗ ಬಂದ. ಪುಡಿ ಮಾತ್ರ ಸಾಕಂತೆ, ಅದರಲ್ಲೂ ಡಿಸ್ಕೌಂಟ್ ಬೇಕಂತೆ. ಚೌಕಾಸಿ ಗಿರಾಕಿ ಅಂದುಕೊಂಡು ನಾನು ಮುಖ ಕೂಡ ಎತ್ತಲಿಲ್ಲ. 5 ಗ್ರಾಂ ಸ್ಯಾಶೆ ಸ್ಟಾಕ್ ಇರಲಿಲ್ಲ. ಸಾಫ್ಟ್‌ವೇರ್ ಸಬ್‌ಸ್ಟಿಟ್ಯೂಟ್ ಅಂತ ತೋರಿಸಿದ್ದು ಅದೇ ಲೋಲಾದ 150 ಮಿಲಿಗ್ರಾಂ ಮಾತ್ರೆ. ಸ್ಕೀಮ್ ಮಾಲು ಬೇರೆ, ಅಂದರೆ ಅಂಗಡಿಗೆ ಕಂಪನಿ ಆಫರ್ ಕೊಟ್ಟ ಮಾಲು, ಅದಕ್ಕೇ ಪಟ್ಟಿಯಲ್ಲಿ ಮೇಲೆ ಕೂತಿದೆ. ಒಂದು ಸ್ಯಾಶೆಗೆ ಸಮ ಆಗಬೇಕಾದರೆ ಸುಮಾರು 33 ಮಾತ್ರೆ ನುಂಗಬೇಕು! ಅದನ್ನು ಹೇಳೋಣ ಅಂತ ಬಾಯಿ ತೆಗೆದರೆ ಅವನೇ ಕೇಳಿದ, "ಅಣ್ಣ, ನಿದ್ದೆ ಮಾತ್ರೆ ಏನಾದ್ರೂ ಇದ್ಯಾ? ಅಪ್ಪ ಹಗಲೆಲ್ಲ ಮಲಗ್ತಾರೆ, ರಾತ್ರಿ ಎದ್ದು ಕೂತು ಏನೇನೋ ಮಾತಾಡ್ತಾರೆ."

ಕೀಬೋರ್ಡ್ ಬಿಟ್ಟೆ. "ಮೋಷನ್ ಆಗಿ ಎಷ್ಟು ದಿನ ಆಯ್ತು?"

"ನಾಲ್ಕು ದಿನ. ಸಿರಪ್ ನಿಲ್ಸಿದೀವಲ್ಲ."

"ಕೈ ನಡುಗುತ್ತಾ?"

"ಲೋಟ ಹಿಡಿಯೋಕೇ ಆಗಲ್ಲ ಅಣ್ಣ."

ಹಿಂದೆ ನಿಂತವರು ಬಿಪಿ ಮಾತ್ರೆಗೆ ಕೌಂಟರ್ ಕುಟ್ಟುತ್ತಿದ್ದರು. ಕುಟ್ಟಲಿ. ಚೀಟಿ ಮೇಲಿದ್ದ ನಂಬರ್‌ಗೆ ಫೋನ್ ಮಾಡಿದರೆ ಡಾಕ್ಟರು ಎತ್ತಲಿಲ್ಲ. ಮತ್ತೆ ಮಾಡಿದೆ, ಇಲ್ಲ. ಇನ್ನು ಕಾಯುವ ಹಾಗಿರಲಿಲ್ಲ. ಲಿವರ್ ಕೆಟ್ಟವರಿಗೆ ಮಲ ನಿಂತರೆ ಕರುಳಿನ ಅಮೋನಿಯ ಅನ್ನೋ ವಿಷ ರಕ್ತಕ್ಕೆ ಸೇರಿ ತಲೆಗೆ ಏರುತ್ತದೆ; ಹಗಲು ನಿದ್ದೆ, ಕೈ ನಡುಕ ಎಲ್ಲ ಅದರ ಲಕ್ಷಣವೇ. ಲೋಲಾ ಅದನ್ನು ಯೂರಿಯ ಮಾಡಲು ಸಹಾಯ ಮಾಡುತ್ತದೆ, ನಿಜ. ಆದರೆ ಕರುಳಿನಿಂದ ಅದನ್ನು ಹೊರಗೆ ಹಾಕುವುದು ಅವರು ನಿಲ್ಲಿಸಿದ ಆ ಸಿರಪ್ಪೇ. ಇಂಥ ಹೊತ್ತಲ್ಲಿ ನಿದ್ದೆ ಮಾತ್ರೆ ಕೊಟ್ಟರೆ ಮನುಷ್ಯ ಏಳದೇ ಇರಬಹುದು.

"ಏನೂ ತಗೋಬೇಡ. ಈಗಲೇ ಅಪ್ಪನ್ನ ಕ್ಯಾಶುಯಲ್ಟಿಗೆ ಕರ್ಕೊಂಡು ಹೋಗು. ಸಿರಪ್ ನಿಲ್ಸಿದ್ದು, ಮೋಷನ್ ಆಗದೇ ಇರೋದು, ಎರಡೂ ಹೇಳು" ಅಂದೆ. ಅವನು ಅಲ್ಲಿ ಹಣ ಎಷ್ಟಾಗುತ್ತೆ ಅಂತ ಕೇಳಿದ. ಚೌಕಾಸಿ ಅಲ್ಲ, ಜೇಬಿನಲ್ಲಿ ಇದ್ದದ್ದೇ ಸ್ವಲ್ಪ ಅಂತ ಆಗ ತಿಳಿಯಿತು.

ಅಪ್ಪನನ್ನು ಅಡ್ಮಿಟ್ ಮಾಡಿದರು. ಎನಿಮಾ ಕೊಟ್ಟಮೇಲೆ ಮಗನ ಗುರುತು ಹಿಡಿದರಂತೆ.

ಈಗ ಈ ಚೀಟಿ ಬಂದರೆ ದಿನಕ್ಕೆ ಎಷ್ಟು ಸಲ ಮೋಷನ್‌ಗೆ ಹೋಗ್ತಾರೆ ಅಂತ ಮೊದಲು ಕೇಳುತ್ತೇನೆ. ಎರಡು ಮೂರು ಸಲ ಮೆತ್ತಗೆ ಆಗಬೇಕು, ಅದು ಕಾಯಿಲೆ ಅಲ್ಲ, ಔಷಧಿಯ ಕೆಲಸ ಅಂತ ಬಾಟಲಿ ಮೇಲೇ ಪೆನ್ನಲ್ಲಿ ಬರೆದು ಕೊಡುತ್ತೇನೆ. ಆವತ್ತಿನ ಬಿಲ್ ಯಾಕೆ ಕ್ಯಾನ್ಸಲ್ ಆಯಿತು ಅಂತ ಓನರ್ ಕೇಳಿದರು. ಹೇಳಿದೆ. "ಸರಿ, ಸ್ಕೀಮ್ ಮಾಲು ಎಕ್ಸ್‌ಪೈರಿ ಹತ್ರ ಬಂದಿದೆ, ನೋಡ್ಕೊ" ಅಂದರು.