ಉಳಿದ ಹಗ್ಗ

"ಮಿಸ್, ನಮಗೆ ಯಾವಾಗ್ಲೂ ಉಳಿದಿದ್ದೇನಾ?"

ಶನಿವಾರ ಸಂಜೆ ನನ್ನ ಗೈಡ್ ಹುಡುಗಿಯೊಬ್ಬಳು ಕೇಳಿದ ಮಾತು. ಇವತ್ತು ಬುಧವಾರ, ಇನ್ನೂ ಕಿವಿಯಲ್ಲೇ ಇದೆ.

ಹುಡುಗರ ಸ್ಕೌಟ್ ಟ್ರೂಪ್, ಹುಡುಗಿಯರ ಗೈಡ್ ಕಂಪನಿ ಎರಡೂ ಒಂದೇ ಮೈದಾನದಲ್ಲಿ, ಒಂದೇ ಹೊತ್ತಿಗೆ ನಡೆಯಲಿ ಎಂದು ಓಡಾಡಿದವಳು ನಾನೇ. ಅಣ್ಣ ತಂಗಿಯನ್ನು ಬೇರೆ ಬೇರೆ ದಿನ ಕರೆತರುವ ಕಷ್ಟ ಮನೆಯವರಿಗೆ ತಪ್ಪುತ್ತದೆ. ಪೆಟ್ರೋಲ್‌ಗಳು, ಅಂದರೆ ಮಕ್ಕಳ ಪುಟ್ಟ ತಂಡಗಳು, ಮಾತ್ರ ಬೇರೆಯೇ ಇರಲಿ ಎಂದು ಹಠ ಹಿಡಿದಿದ್ದೆ. ಬೆರೆಸಿದ ಕಡೆ ಹುಡುಗರ ಕೈಗೆ ಕೊಡಲಿಯೂ ಹುಡುಗಿಯರ ಕೈಗೆ ಹಾಜರಿ ಪುಸ್ತಕವೂ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಸ್ಟೋರ್ ರೂಮ್ ಒಂದೇ, ಬೀಗದ ಕೈ ಸ್ಕೌಟ್ ಮಾಸ್ಟರ್ ಹತ್ತಿರ. ಒಳ್ಳೆಯ ಮನುಷ್ಯ. ಗಂಟು ಕಲಿಸುವುದರಲ್ಲಿ ಅವರ ತಾಳ್ಮೆ ನನಗಿಲ್ಲ. ಬಾಗಿಲು ತೆಗೆದ ಕೂಡಲೇ ಮಾತ್ರ ಅವರ ಬಾಯಲ್ಲಿ ಬರುವುದು "ಹುಡುಗ್ರಾ, ಬನ್ರೋ" ಅಂತಲೇ.

ಅವತ್ತು ಸ್ಕ್ವೇರ್ ಲ್ಯಾಶಿಂಗ್, ಅಡ್ಡ ಕೋಲು ನಿಲುಗೋಲು ಸೇರಿಸಿ ಹಗ್ಗದಿಂದ ಬಿಗಿಯುವ ಪಾಠ. ಆ ಹುಡುಗಿ ನಿಲುಗೋಲಿಗೆ ಕ್ಲೋವ್ ಹಿಚ್ ಗಂಟು ಹಾಕಿ, ಎರಡೂ ಕೋಲು ಸೇರಿಸಿ ಮೂರು ಸುತ್ತು ಬಿಗಿಯಾಗಿ ಸುತ್ತಿದಳು. ಇನ್ನು ಕೋಲುಗಳ ನಡುವೆ ಎರಡು ಸುತ್ತು ಎಳೆದು ಬಿಗಿ ಮಾಡಬೇಕು, ಹಗ್ಗವೇ ಮುಗಿಯಿತು. ಎಳೆ ಬಿಚ್ಚಿಕೊಂಡು ಪೊರಕೆಯಂತಾದ ತುದಿಯನ್ನು ಬೆರಳಲ್ಲಿ ಹಿಡಿದೇ ತಲೆಯೆತ್ತಿ ಕೇಳಿದ್ದು ಅದನ್ನು. ಪಕ್ಕದಲ್ಲೇ ಹುಡುಗರ ಹಗ್ಗ ಮೊಳಗಟ್ಟಲೆ ಮಿಕ್ಕು ನೆಲದ ಮೇಲೆ ಬಿದ್ದಿತ್ತು.

"ಇವತ್ತೊಂದಿನ ಹೊಂದಿಸ್ಕೋ ಪುಟ್ಟಾ" ಎಂದುಬಿಟ್ಟೆ.

ಅವಳು ಮತ್ತೇನೂ ಕೇಳಲಿಲ್ಲ. ಕೋಲು ಬಿಚ್ಚಿ, ಹಗ್ಗ ಸುತ್ತಿಟ್ಟಳು. ನಿದ್ದೆ ಕೆಡಿಸಿದ್ದು ಆ ಸುಮ್ಮನಿರುವಿಕೆ.

1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ರ‍್ಯಾಲಿ ನಡೆದಾಗ ಕೆಲವು ಹುಡುಗಿಯರು ಕರೆಯದಿದ್ದರೂ ಬಂದು ನಿಂತರು, ನಾವೂ ಸ್ಕೌಟ್‌ಗಳೇ ಎಂದರು. ಮರುವರ್ಷವೇ ಗೈಡ್ ಸಂಸ್ಥೆ ಶುರುವಾಯಿತು, ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ಲರ ತಂಗಿ ಆಗ್ನೆಸ್ ಅದನ್ನು ಮುನ್ನಡೆಸಿದರು. ಹೊಸ ಮಕ್ಕಳು ಪ್ರತಿಜ್ಞೆ ತೆಗೆದುಕೊಳ್ಳುವಾಗಲೆಲ್ಲ ಈ ಕಥೆ ಎದೆಯುಬ್ಬಿಸಿ ಹೇಳುವವಳು ನಾನು. ಅಂಥವಳೇ ಹೊಂದಿಸ್ಕೋ ಅಂದೆ. ಹೊಂದಿಸಿಕೊಳ್ಳುವುದನ್ನು ಹುಡುಗಿಯರಿಗೆ ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಪ್ರೀತಿಯಿಂದ "ಪುಟ್ಟಾ" ಅನ್ನುತ್ತಲೇ ಕಲಿಸಿಬಿಡುತ್ತೇವೆ.

ನಿನ್ನೆ ಸ್ಕೌಟ್ ಮಾಸ್ಟರ್ ಹತ್ತಿರ ಮಾತಾಡಿದೆ. ತುಸು ಹೊತ್ತು ಸುಮ್ಮನಿದ್ದು, "ನನಗೆ ಹೊಳೆದೇ ಇರ್ಲಿಲ್ಲ ಮೇಡಂ" ಎಂದರು. ನಂಬಿದೆ, ನನಗೂ ಹೊಳೆದಿರಲಿಲ್ಲವಲ್ಲ.

ಎರಡನೇ ಬೀಗದ ಕೈ ಮಾಡಿಸಿದ್ದಾಯಿತು. ಶನಿವಾರ ಎರಡೂ ಕಡೆಯ ಪೆಟ್ರೋಲ್ ಲೀಡರ್‌ಗಳು ಕೂತು ಹಗ್ಗಗಳನ್ನೆಲ್ಲ ಅಳೆದು ಹಂಚಿಕೊಳ್ಳುತ್ತಾರೆ. ಬೀಗ ತೆಗೆಯುವವಳು ಅವಳೇ.